ಕೀಲಿನ ಕಾಲನಿರ್ಣಯ

ಮುಂಡಗೋಡದ ಲಾಮಾ ಕ್ಯಾಂಪಿನ ಪೂಜಾಮಂದಿರವೊಂದರಲ್ಲಿ, ಬೆಣ್ಣೆದೀಪಗಳ ಹಿಂದೆ, ಮುಕ್ಕೋನದ ಪೀಠದಲ್ಲಿ ತುದಿ ಕೆಳಗಾಗಿ ನಿಂತಿದ್ದ ಗೇಣುದ್ದದ ವಸ್ತುವೊಂದನ್ನು ಕಂಡಾಗ, ಅದನ್ನು ಕಠಾರಿಯೆನ್ನಬೇಕೋ ಗೂಟವೆನ್ನಬೇಕೋ ಎಂದು ಕ್ಷಣಕಾಲ ಸಂದೇಹಪಟ್ಟೆನು. ಹಿಡಿಯ ಶಿಖರದಲ್ಲಿ ಮೂರು ಕ್ರುದ್ಧಮುಖಗಳು, ಅವುಗಳ ಕೆಳಗೆ ವಜ್ರ, ಅದರ ಕೆಳಗೆ ಬಾಯ್ದೆರೆದ ಮಕರ. ಆ ಬಾಯಿಂದ ಹೊರಟ ಮೂರಂಚಿನ ಅಲಗು, ಅಲಗಿನ ಮೇಲೆ ಇಳಿದುಬರುವ ನಾಗಗಳು. ಚಾಲುಕ್ಯ ಹೊಯ್ಸಳರ ಮಕರತೋರಣಗಳನ್ನು ನೋಡಿ ಬೆಳೆದ ಕಣ್ಣಿಗೆ ಇದು ತೀರ ಪರಕೀಯವಾಗಿ ತೋರಲಾರದು. ಟಿಬೇಟಿನವರು ಇದನ್ನು ಫುರ್ಬಾ ಎನ್ನುವರು. ಸಂಸ್ಕೃತದಲ್ಲಿ ಇದು ಕೀಲ. ನಮ್ಮ ಬಾಯಲ್ಲಿ ಕೀಲು.

1966ರಲ್ಲಿ ಇಲ್ಲಿ ನಿರಾಶ್ರಿತರ ವಸಾಹತು ನೆಲೆಗೊಂಡು, ಲ್ಹಾಸಾದ ಬಳಿ 1409ರಲ್ಲಿ ಸ್ಥಾಪಿತವಾದ ಗಾಂದೆನ್, 1416ರ ದ್ರೇಪುಂಗ್ ಮಠಗಳು ಈ ಮಣ್ಣಿನಲ್ಲಿ ಮರುಹುಟ್ಟು ಪಡೆದುದರಿಂದ, ದೂರದ ವಸ್ತುಸಂಗ್ರಹಾಲಯಗಳ ಗಾಜಿನೊಳಗೆ ಪಂಡಿತರು ಕಾಣುವ ವಸ್ತು ನಮ್ಮ ಜಿಲ್ಲೆಯಲ್ಲಿ ಪೂಜೆಗೊಳ್ಳುತ್ತಲಿದೆ.

ಇದರ ವಯಸ್ಸನ್ನು ಅಳೆಯುವ ಮೊದಲ ಕ್ರಮ ಸಂಗ್ರಾಹಕರದು: ಕಪ್ಪುಗಟ್ಟಿದ್ದರೆ ಹಳೆಯದು, ಸವೆದಿದ್ದರೆ ಇನ್ನೂ ಹಳೆಯದು. ದೀಪದ ಹೊಗೆಯೂ ಬೆಣ್ಣೆಯ ಜಿಡ್ಡೂ ಕೆಲವೇ ದಶಕಗಳಲ್ಲಿ ಶತಮಾನಗಳ ವೇಷ ತೊಡಿಸಬಲ್ಲವೆಂಬುದನ್ನು ನಮ್ಮ ಗರ್ಭಗುಡಿಯ ಯಾವ ಅರ್ಚಕರೂ ಹೇಳಿಯಾರು. ವಿದ್ವಾಂಸರ ಕ್ರಮ ಬೇರೆ, ಅವರು ಮೊದಲು ಮೂಲವನ್ನು ಹುಡುಕಿದರು. 1952ರಲ್ಲಿ ಜರ್ಮನ್ ವಿದ್ವಾಂಸ ಜೀಗ್‌ಬರ್ಟ್ ಹುಮ್ಮೆಲ್, ಪ್ರಾಚೀನ ಮೆಸಪೊಟೇಮಿಯಾದಲ್ಲಿ ಕಟ್ಟಡಗಳ ಬುನಾದಿಗೆ ಹೂಳುತ್ತಿದ್ದ ನರರೂಪದ ಮೊಳೆಗಳಿಗೂ ಇದಕ್ಕೂ ಸಂಬಂಧ ಕಲ್ಪಿಸಿದನು. 1975ರಲ್ಲಿ ಜಾನ್ ಹಂಟಿಂಗ್ಟನ್ ಹಿಡಿಯ ಕೆತ್ತನೆಯನ್ನೂ ಅಲಗಿನ ಆಕಾರವನ್ನೂ ಆಧರಿಸಿ ಫುರ್ಬಾಗಳ ವರ್ಗೀಕರಣಕ್ಕೆ ಕೈಹಾಕಿದನು. ಕಣ್ಣಿನ ಶಿಸ್ತು ಅಲ್ಲಿಂದ ಬೆಳೆಯಿತು.

ಆದರೆ ನಿಜವಾದ ತಿರುವು ಬಂದದ್ದು ಗ್ರಂಥಗಳಿಂದ. ರಾಬರ್ಟ್ ಮೇಯರ್ 1991ರ ಸುಮಾರಿಗೆ, ಗುಹ್ಯಸಮಾಜವೇ ಮೊದಲಾದ ಸಂಸ್ಕೃತ ತಂತ್ರಗಳಲ್ಲಿ ಕೀಲವಿಧಿ ಸ್ಪಷ್ಟವಾಗಿರುವಾಗ ಮೂಲವನ್ನು ಹೊರಗೆ ಹುಡುಕುವುದೇಕೆಂದು ವಾದಿಸಿದನು. ಈ ವಾದ ಕನ್ನಡಿಗನಿಗೆ ಬಹುಬೇಗ ಮನದಟ್ಟಾಗುವಂಥದು. ಏಕೆಂದರೆ ಸೇತುವೆಗಾಗಲಿ ಶಾಲೆಗಾಗಲಿ ಮಂತ್ರಿಗಳು ಬಂದು ನೆರವೇರಿಸುವ ಶಂಕುಸ್ಥಾಪನೆಯೆಂಬುದು, ಈಗ ಕಲ್ಲನ್ನಿಟ್ಟು ಮುಗಿಸುವ ಸಮಾರಂಭವಾಗಿದ್ದರೂ, ಶಬ್ದಾರ್ಥದಲ್ಲಿ ನೆಲಕ್ಕೆ ಗೂಟ ನೆಡುವ ಕ್ರಿಯೆಯೇ ಅಲ್ಲವೇ! ಮಾರ್ಟಿನ್ ಬೂರ್ಡ್ 1993ರಲ್ಲಿ ವಜ್ರಕೀಲದೇವತೆಯ ಉಪಾಸನಾಪರಂಪರೆಯನ್ನು ವಿವರಿಸಿದನು. 2008ರಲ್ಲಿ ಕ್ಯಾಥಿ ಕ್ಯಾಂಟ್‌ವೆಲ್ ಮತ್ತು ಮೇಯರ್, ಹನ್ನೊಂದನೆಯ ಶತಮಾನದ ಆದಿಯಲ್ಲಿ ಮುಚ್ಚಿಹೋಗಿದ್ದ ದುನ್‌ಹುವಾಂಗ್ ಗುಹೆಯ, ಫುರ್ಬಾವನ್ನು ಕುರಿತ ಟಿಬೇಟಿ ಹಸ್ತಪ್ರತಿಗಳನ್ನು ಸಂಪಾದಿಸಿ ಪ್ರಕಟಿಸಿದರು.

ಗ್ರಂಥದ ಕಾಲ ವಸ್ತುವಿನ ಕಾಲವಾಗದು. ವಸ್ತುವಿನ ಕಾಲವನ್ನು ನಿರ್ಣಯಿಸುವ ಕಾರ್ಯದಲ್ಲಿ ಜಾವಾದ್ವೀಪದ ಕೆರಿಸ್ ಕಠಾರಿಯ ಅಭ್ಯಾಸಿಗಳು ಒಂದು ಬಗೆಯಲ್ಲಿ ಭಾಗ್ಯವಂತರು: ಕ್ನೌಡ್ ಕೆರಿಸ್ ಎಂಬ ಒಂದರ ಮೇಲೆ ಶಕ 1264, ಎಂದರೆ ಕ್ರಿ.ಶ. 1342, ಎಂದು ನಮ್ಮ ಶಾಸನಗಳ ಶಕವರ್ಷವೇ ಇದೆ. ಉಳಿದವುಗಳಿಗೆ ಅಲ್ಲಿಯ ಜನ ತಂಗುಃ ಎಂಬ ಸಾಂಪ್ರದಾಯಿಕ ವಿಂಗಡಣೆಯಿಂದ, ಮಜಪಾಹಿತ್, ಮತಾರಾಮ್ ಎಂದು ರಾಜ್ಯಗಳ ಹೆಸರಿನಲ್ಲಿ ಕಾಲ ಹೇಳುವರು. ಫುರ್ಬಾದ ಮೇಲೆ ವರ್ಷವಿರುವುದು ಅಪರೂಪ. ಮರದ್ದಾದರೆ ಇಂಗಾಲದ ಪರೀಕ್ಷೆ ಸಾಧ್ಯ. ಅದು ತಿಳಿಸುವುದು ಮರ ಬೆಳೆದ ಕಾಲವನ್ನೇ ಹೊರತು ಉಳಿ ಬಿದ್ದ ಕಾಲವನ್ನಲ್ಲ. ಕಬ್ಬಿಣದ ಅಲಗಿಗೆ ಹಿತ್ತಾಳೆಯ ಹಿಡಿ ಕೂಡಿಸಿದ್ದಾದರೆ ತೊಡಕು ಇನ್ನೂ ಹೆಚ್ಚು. ಜೊಯಿಡಾದ ಕಾಡಂಚಿನ ಒಕ್ಕಲಿಗನ ಕತ್ತಿಗೆ ಹಿಡಿ ಎಷ್ಟು ಸಲ ಬದಲಾಗಿದೆಯೆಂದು ಅವನೇ ಲೆಕ್ಕವಿಟ್ಟಿರುವುದಿಲ್ಲ; ಪೂಜೆಯ ಅಲಗಿಗೂ ಅಂಥ ಪುನರ್ಜನ್ಮ ಇಲ್ಲದಿಲ್ಲ. ಆದ್ದರಿಂದ ಪರೀಕ್ಷಕನು ಮೊದಲು ನೋಡತಕ್ಕದ್ದು ಕಣ್ಸೆಳೆಯುವ ಮೂರು ಮುಖಗಳನ್ನಲ್ಲ, ಮಕರದ ಬಾಯೊಳಗಿನ ಬೆಸುಗೆಯ ಸಂದನ್ನು.

ಮುಂಡಗೋಡದಲ್ಲಿ ನಾನು ಕಂಡುದರ ಆ ಸಂದಿಗೇ ಖತಾ ಎಂಬ ಬಿಳಿಯ ರೇಶಿಮೆಯ ವಸ್ತ್ರ ಸುತ್ತಿದ್ದರು. ಬಿಚ್ಚಿ ತೋರಿಸಿರೆಂದು ಕೇಳಲು ನನಗೆ ಬಾಯಿ ಬರಲಿಲ್ಲ.