ಗಣಕ ಮಾದರಿ ಆಧಾರಿತ ಕಟ್ಟಡ ನಿರ್ಮಾಣ ಮತ್ತು ಕಾಮಗಾರಿ ಕರಾರು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕಟ್ಟಡವನ್ನು ಕಾಗದದ ಮೇಲೆ ಕೇವಲ ರೇಖೆಗಳಾಗಿ ತೋರಿಸುವ ಬದಲು, ಅಡಿಪಾಯ, ಗೋಡೆ, ತೊಲೆ, ಮಾಡು, ಬಾಗಿಲು, ನೀರಿನ ಕೊಳವೆ ಮುಂತಾದ ಪ್ರತಿಯೊಂದು ಭಾಗವನ್ನು ಅದರ ಅಳತೆ, ಸಾಮಗ್ರಿ ಹಾಗೂ ಪ್ರಮಾಣದ ವಿವರಗಳೊಂದಿಗೆ ಗಣಕಯಂತ್ರದಲ್ಲಿ ಮೂರು ಆಯಾಮಗಳಲ್ಲಿ ರೂಪಿಸುವ ಪದ್ಧತಿಗೆ ‘ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್’, ಸಂಕ್ಷಿಪ್ತವಾಗಿ ‘ಬಿಮ್’ ಎಂದು ಹೆಸರು. ನಾಗಪುರ ಮೆಟ್ರೋದಂತಹ ಬೃಹತ್ ಯೋಜನೆಗಳಲ್ಲಿ ಬಳಕೆಯಾದ ಈ ಪದ್ಧತಿಯು ವಾಸದ ಮನೆಗಳ ವಿನ್ಯಾಸಕ್ಕೂ ಬಂದಿದೆ. ಆದರೆ ಮನೆ ಕಟ್ಟಿಸುವವರು ಹಾಗೂ ಗುತ್ತಿಗೆದಾರರ ನಡುವಿನ ಕರಾರುಪತ್ರಗಳು ಬಹುಮಟ್ಟಿಗೆ ಕಾಗದದ ನಕ್ಷೆಯನ್ನೇ ಆಧರಿಸಿವೆ. ಈ ಅಂತರದಿಂದ ಉಂಟಾಗಬಹುದಾದ ತೊಂದರೆಗಳನ್ನೂ, ಕರಾರು ಮಾಡಿಕೊಳ್ಳುವಾಗ ವಹಿಸಬೇಕಾದ ಎಚ್ಚರಿಕೆಗಳನ್ನೂ ಈ ಕೆಳಗೆ ವಿವರಿಸಲಾಗಿದೆ.

2. ತೊಂದರೆ ಉಂಟಾಗುವ ಬಗೆ

ಉತ್ತರ ಕನ್ನಡ ಜಿಲ್ಲೆ ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿಯಲ್ಲಿ ಇಳಿಜಾರು ನಿವೇಶನವೊಂದರಲ್ಲಿ ಮನೆ ಕಟ್ಟಿಸಲಾಗುತ್ತಿದೆ ಎಂದು ಭಾವಿಸೋಣ. ಎಂಜಿನಿಯರರು ಗಣಕಯಂತ್ರದಲ್ಲಿ ತೋರಿಸಿದ ಮಾದರಿಯಲ್ಲಿ ಮನೆಯ ಹಿಂಬದಿಯ ಧರೆಗೆ ತಡೆಗೋಡೆಯೂ, ಅದರ ಬುಡದಲ್ಲಿ ಮಳೆನೀರು ಹರಿಯುವ ಕಾಲುವೆಯೂ ಇವೆ. ಕರಾರಿಗೆ ಲಗತ್ತಿಸಿ ಸಹಿ ಮಾಡಿದ ನಕ್ಷೆಯಲ್ಲಿ ಮನೆ ಮಾತ್ರ ಇದೆ. ಗುತ್ತಿಗೆದಾರರು ನಕ್ಷೆಯನ್ನು ನೋಡಿ ದರ ನೀಡಿರುತ್ತಾರೆ. ಮಾಲೀಕರು ಮಾದರಿಯನ್ನು ನೋಡಿ ಒಪ್ಪಿರುತ್ತಾರೆ. ಇಬ್ಬರದೂ ಪ್ರಾಮಾಣಿಕ ತಿಳಿವಳಿಕೆಯೇ ಆಗಿದ್ದರೂ, ತಡೆಗೋಡೆಯ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆಗೆ ಕರಾರಿನಲ್ಲಿ ಉತ್ತರವಿರುವುದಿಲ್ಲ.

ಇದು ಕೇವಲ ಹಣದ ಪ್ರಶ್ನೆಯಲ್ಲ. ಜುಲೈ 2021ರ ಭಾರಿ ಮಳೆಯಲ್ಲಿ ಇದೇ ತಾಲ್ಲೂಕಿನ ಕಳಚೆಯಲ್ಲಿ ಭೂಕುಸಿತವಾಗಿ ಮನೆ, ತೋಟ ಹಾಗೂ ರಸ್ತೆಗಳಿಗೆ ತೀವ್ರ ಹಾನಿಯಾಯಿತು. ಇಂತಹ ಪ್ರದೇಶದಲ್ಲಿ ಧರೆ ಕಡಿದು ಮನೆ ಕಟ್ಟುವಾಗ ವಿವಾದದ ಕಾರಣದಿಂದ ತಡೆಗೋಡೆಯ ಕೆಲಸ ಒಂದು ಮಳೆಗಾಲದವರೆಗೆ ನಿಂತರೂ ಮನೆಮಂದಿಯ ಸುರಕ್ಷತೆಗೆ ಅಪಾಯವಾಗಬಹುದು.

3. ದಸ್ತಾವೇಜುಗಳ ಆದ್ಯತೆ

ಸರ್ಕಾರಿ ಕಾಮಗಾರಿಗಳ ಟೆಂಡರ್ ಪ್ರಕ್ರಿಯೆಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಅದರಡಿ ರಚಿಸಲಾದ 2000ದ ನಿಯಮಗಳಿಗೆ ಒಳಪಟ್ಟಿದೆ. ಕೆಡಬ್ಲ್ಯು-4 ಪ್ರಮಾಣಿತ ಟೆಂಡರ್ ದಸ್ತಾವೇಜಿನಲ್ಲಿ ಕರಾರಿನ ಭಾಗಗಳಿಗೆ ಆದ್ಯತಾ ಕ್ರಮವನ್ನು ನೀಡಲಾಗಿದೆ. ಒಪ್ಪಂದ, ಅಂಗೀಕಾರ ಪತ್ರ, ಗುತ್ತಿಗೆದಾರರ ಟೆಂಡರ್, ಕರಾರು ದತ್ತಾಂಶ, ಷರತ್ತುಗಳು, ತಾಂತ್ರಿಕ ವಿವರಣೆಗಳು, ನಕ್ಷೆಗಳು, ಪರಿಮಾಣ ಪಟ್ಟಿ ಇವು ಅನುಕ್ರಮವಾಗಿ ಬರುತ್ತವೆ. ಕೊನೆಯಲ್ಲಿ ‘ಕರಾರು ದತ್ತಾಂಶದಲ್ಲಿ ನಮೂದಿಸಿದ ಇತರ ದಸ್ತಾವೇಜು’ಗಳಿಗೆ ಸ್ಥಾನವಿದೆ.

ಗಣಕ ಮಾದರಿಯನ್ನು ಹೆಸರಿಸಿ ನಮೂದಿಸದಿದ್ದಲ್ಲಿ ಅದು ಕರಾರಿನ ಭಾಗವಾಗುವುದಿಲ್ಲ. ನಮೂದಿಸಿದರೂ, ಬೇರೆ ಷರತ್ತು ಇಲ್ಲದಿದ್ದಲ್ಲಿ ನಕ್ಷೆ ಮತ್ತು ಪರಿಮಾಣ ಪಟ್ಟಿಗಳ ನಂತರದ ಸ್ಥಾನವೇ ಅದಕ್ಕೆ ಲಭಿಸುತ್ತದೆ. ಖಾಸಗಿ ಕರಾರಿನಲ್ಲಿ ಇಂತಹ ಕ್ರಮವೇ ಇರದಿರಬಹುದು. ಆದುದರಿಂದ ಮಾದರಿಗೂ ನಕ್ಷೆಗೂ ವ್ಯತ್ಯಾಸ ಕಂಡುಬಂದಲ್ಲಿ ಯಾವುದು ಅಂತಿಮ ಎಂಬುದನ್ನು ಒಂದೇ ವಾಕ್ಯದಲ್ಲಾದರೂ ಬರೆದಿಡುವುದು ಅವಶ್ಯ.

4. ಅಳತೆ ಮತ್ತು ಬಿಲ್ಲು

ಗಣಕ ಮಾದರಿಯು ಸಾಮಾನ್ಯವಾಗಿ ಪ್ರತಿ ಭಾಗದ ನಿವ್ವಳ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ಆದರೆ ಕಾಮಗಾರಿಯ ಅಳತೆಗೆ ಅನುಸರಿಸುವ ಭಾರತೀಯ ಮಾನಕ ಐಎಸ್ 1200ರ ರೀತಿ ಬೇರೆ. ಉದಾಹರಣೆಗೆ, ಗಿಲಾವಿನ ಕೆಲಸದಲ್ಲಿ 0.5 ಚದರ ಮೀಟರ್ ಮೀರದ ತೆರವುಗಳನ್ನು ಸದರಿ ಮಾನಕದಂತೆ ಕಳೆಯುವುದಿಲ್ಲ. 0.6 ಮೀಟರ್ ಉದ್ದ, 0.6 ಮೀಟರ್ ಅಗಲದ ಗವಾಕ್ಷಿಯ ವಿಸ್ತೀರ್ಣ 0.36 ಚದರ ಮೀಟರ್. ಮಾದರಿಯ ನಿವ್ವಳ ಲೆಕ್ಕದಲ್ಲಿ ಇದು ಕಡಿತವಾಗುತ್ತದೆ. ಮಾನಕದ ಪ್ರಕಾರ ಕಡಿತವಾಗುವುದಿಲ್ಲ. ಹೀಗೆ ಒಂದೇ ಗೋಡೆಗೆ ಎರಡು ಅಳತೆಗಳು ಬರುತ್ತವೆ. ಎರಡೂ ತಪ್ಪಲ್ಲ, ಆದರೆ ಹಣ ಪಾವತಿಗೆ ಒಂದನ್ನೇ ಆರಿಸಿಕೊಳ್ಳಬೇಕು. ಮಾದರಿಯ ಪ್ರಮಾಣವನ್ನು ಅಂದಾಜಿಗೆ ಬಳಸಿ, ಅಂತಿಮ ಬಿಲ್ಲನ್ನು ಸ್ಥಳದ ಅಳತೆಯ ಮೇಲೆ ಪಾವತಿಸುವುದಾಗಿ ನಮೂದಿಸುವುದು ಸುರಕ್ಷಿತ ಮಾರ್ಗವಾಗಿದೆ.

5. ಇತರ ದೇಶಗಳ ಅನುಭವ

ಅಮೆರಿಕದಲ್ಲಿ 2008ರಲ್ಲಿ ಅಲ್ಲಿನ ವಾಸ್ತುಶಿಲ್ಪಿಗಳ ಸಂಸ್ಥೆಯು ‘ಇ202’ ಎಂಬ ಅನುಬಂಧವನ್ನೂ, ಬ್ರಿಟನ್ನಿನಲ್ಲಿ 2013ರಲ್ಲಿ ನಿರ್ಮಾಣ ಉದ್ಯಮ ಮಂಡಳಿಯು ‘ಬಿಮ್ ಪ್ರೋಟೊಕಾಲ್’ ಅನ್ನೂ ಪ್ರಕಟಿಸಿದವು. 2017ರಲ್ಲಿ ಪರಿಷ್ಕೃತವಾದ ಫಿಡಿಕ್ ಕರಾರು ನಮೂನೆಗಳಲ್ಲಿ ಬಿಮ್ ಕುರಿತ ಸಲಹಾ ಟಿಪ್ಪಣಿಯನ್ನು ಸೇರಿಸಲಾಯಿತು. ಮಾಹಿತಿ ನಿರ್ವಹಣೆಗೆ ಸಂಬಂಧಿಸಿದ ಐಎಸ್ಒ 19650 ಮಾನಕದ ಮೊದಲ ಎರಡು ಭಾಗಗಳು 2018ರಲ್ಲಿ ಹೊರಬಂದವು. ಈ ಅನುಭವದಿಂದ ತಿಳಿಯುವ ಮುಖ್ಯ ಅಂಶವೆಂದರೆ, ಮೂಲ ಕರಾರನ್ನು ಸಂಪೂರ್ಣವಾಗಿ ಬದಲಾಯಿಸಬೇಕಾಗಿಲ್ಲ. ಮಾದರಿಗೆ ಸಂಬಂಧಿಸಿದ ಷರತ್ತುಗಳ ಒಂದು ಅನುಬಂಧವನ್ನು ಸೇರಿಸಿದರೆ ಸಾಕಾಗಬಹುದು. ಮಾದರಿಯ ಯಾವ ಭಾಗವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಸೂಚಿಸುವ ‘ವಿವರ ಮಟ್ಟ’ವನ್ನೂ ಅಂತಹ ಅನುಬಂಧದಲ್ಲಿ ತಿಳಿಸಬಹುದು. ನೋಟಕ್ಕಾಗಿ ಮಾತ್ರ ಚಿತ್ರಿಸಿದ ತೊಲೆಯನ್ನು ಕಬ್ಬಿಣದ ಲೆಕ್ಕಕ್ಕೆ ಆಧಾರವಾಗಿಸಬಾರದು.

6. ಮಾದರಿಯ ಒಡೆತನ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ರೇಖಾಚಿತ್ರ ಹಾಗೂ ವಾಸ್ತುಶಿಲ್ಪ ಕೃತಿಗಳು ಕಲಾಕೃತಿಗಳೆನಿಸುತ್ತವೆ. ಖಾಸಗಿಯಾಗಿ ಮನೆ ಕಟ್ಟಿಸುವವರು ಶುಲ್ಕ ಪಾವತಿಸಿದ ಮಾತ್ರಕ್ಕೆ ವಿನ್ಯಾಸದ ಕೃತಿಸ್ವಾಮ್ಯವು ಅವರಿಗೆ ವರ್ಗಾವಣೆಯಾಗುವುದಿಲ್ಲ. ವರ್ಗಾವಣೆಯು ಲಿಖಿತವಾಗಿದ್ದು, ಸಹಿಯನ್ನು ಹೊಂದಿರತಕ್ಕದ್ದು. ಅವಧಿಯನ್ನು ನಮೂದಿಸದಿದ್ದಲ್ಲಿ ಅದು 5 ವರ್ಷಗಳಿಗೆ ಸೀಮಿತವೆಂದು ಭಾವಿಸಲಾಗುತ್ತದೆ. ಮುಂದೆ ಮನೆ ವಿಸ್ತರಿಸುವಾಗ ಬೇರೆ ಎಂಜಿನಿಯರರಿಗೆ ಮಾದರಿಯ ಕಡತ ನೀಡಬೇಕಾಗಬಹುದಾದುದರಿಂದ, ಕಡತವನ್ನು ಪಡೆಯುವ ಮತ್ತು ಬಳಸುವ ಹಕ್ಕನ್ನು ಆರಂಭದಲ್ಲೇ ಬರೆಸಿಕೊಳ್ಳಬೇಕು.

7. ವಿದ್ಯುನ್ಮಾನ ದಾಖಲೆಯ ಮಾನ್ಯತೆ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ ಅನ್ವಯ ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮಾನ್ಯತೆ ಇದೆ. ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣದಂತೆ ಇಂತಹ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ನಿಗದಿತ ನಮೂನೆಯ ಪ್ರಮಾಣಪತ್ರವನ್ನು ಸಲ್ಲಿಸಬೇಕಾಗುತ್ತದೆ. ಮಾದರಿಯ ಕಡತವು ಪದೇ ಪದೇ ತಿದ್ದುಪಡಿಯಾಗುವುದರಿಂದ, ಕರಾರಿನ ದಿನ ಒಪ್ಪಿದ ಆವೃತ್ತಿಯನ್ನು ಬದಲಾಯಿಸದೆ ಉಭಯ ಪಕ್ಷದವರೂ ತಮ್ಮಲ್ಲಿ ಇಟ್ಟುಕೊಳ್ಳಬೇಕು. ಅದರ ಮುಖ್ಯ ದೃಶ್ಯಗಳನ್ನು ಮುದ್ರಿಸಿ ಸಹಿ ಮಾಡಿಡುವುದು ಒಳಿತು.

8. ಕಟ್ಟಡ ಪರವಾನಗಿ

ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಕಟ್ಟಡ ನಿರ್ಮಾಣವು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣಕ್ಕೆ ಒಳಪಟ್ಟಿರುತ್ತದೆ. ಗಣಕ ಮಾದರಿಯು ಪರವಾನಗಿಗೆ ಪರ್ಯಾಯವಲ್ಲ. ಮಾದರಿಯಲ್ಲಿ ಮಾಡಿಕೊಂಡ ಬದಲಾವಣೆಯು ಮಂಜೂರಾದ ನಕ್ಷೆಗೆ ವ್ಯತಿರಿಕ್ತವಾಗಿದ್ದಲ್ಲಿ, ಕೆಲಸ ಆರಂಭಿಸುವ ಮೊದಲೇ ಪಂಚಾಯತಿಯಲ್ಲಿ ವಿಚಾರಿಸಿ ಅನುಮೋದನೆ ಪಡೆಯತಕ್ಕದ್ದು.

9. ಕರಾರಿನಲ್ಲಿ ಸೇರಿಸಬೇಕಾದ ಅಂಶಗಳು

ಅ) ಮಾದರಿಯ ಕಡತದ ಹೆಸರು, ಆವೃತ್ತಿ ಮತ್ತು ದಿನಾಂಕ.
ಆ) ಮಾದರಿ, ನಕ್ಷೆ ಹಾಗೂ ಪರಿಮಾಣ ಪಟ್ಟಿಗಳ ನಡುವಿನ ಆದ್ಯತಾ ಕ್ರಮ.
ಇ) ಮಾದರಿಯ ಯಾವ ಭಾಗ ನಿರ್ಮಾಣಕ್ಕೆ, ಯಾವ ಭಾಗ ನೋಟಕ್ಕೆ ಮಾತ್ರ ಎಂಬ ವಿವರ.
ಈ) ಅಳತೆಯ ಪದ್ಧತಿ ಹಾಗೂ ಬಿಲ್ಲು ಪಾವತಿಯ ಹಂತಗಳು.
ಉ) ಬದಲಾವಣೆಗೆ ಲಿಖಿತ ಒಪ್ಪಿಗೆ, ಅದರ ವೆಚ್ಚ ಮತ್ತು ಹೆಚ್ಚುವರಿ ಕಾಲಾವಧಿ.
ಊ) ಮಾದರಿಯಲ್ಲಿನ ದೋಷಕ್ಕೆ ಹೊಣೆಗಾರರು ಯಾರು ಎಂಬುದು.
ಋ) ಕೆಲಸ ಮುಗಿದ ನಂತರ, ವಾಸ್ತವವಾಗಿ ಕಟ್ಟಿದಂತೆ ತಿದ್ದಿದ ಮಾದರಿಯನ್ನು ಮಾಲೀಕರಿಗೆ ಹಸ್ತಾಂತರಿಸುವುದು.
ಎ) ತಡೆಗೋಡೆ, ಕಾಲುವೆ, ಧರೆ ಕಡಿಯುವ ಕೆಲಸಗಳು ಒಪ್ಪಿದ ಮೊತ್ತದಲ್ಲಿ ಸೇರಿವೆಯೇ ಎಂಬ ಸ್ಪಷ್ಟ ನಮೂದು.

10. ಪರಿಹಾರ ಕೋರುವ ಮಾರ್ಗ

ಕರಾರು ಉಲ್ಲಂಘನೆಯಿಂದಾದ ನಷ್ಟಕ್ಕೆ ಭಾರತೀಯ ಕರಾರು ಅಧಿನಿಯಮ, 1872ರ 73ನೇ ಪ್ರಕರಣದಡಿ ಪರಿಹಾರ ಕೋರಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ‘ಸೇವೆ’ಯ ವ್ಯಾಖ್ಯೆಯಲ್ಲಿ ಮನೆ ನಿರ್ಮಾಣವೂ ಸೇರಿರುವುದರಿಂದ, ಸೇವಾ ನ್ಯೂನತೆಗೆ ಸಂಬಂಧಿಸಿದಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡಲು ಅವಕಾಶವಿದೆ. ಉತ್ತರ ಕನ್ನಡ ಜಿಲ್ಲೆಯ ಆಯೋಗವು ಕಾರವಾರದಲ್ಲಿದೆ. ದೂರಿಗೆ ಕಾರಣ ಉದ್ಭವಿಸಿದ ದಿನಾಂಕದಿಂದ 2 ವರ್ಷಗಳೊಳಗೆ ಸಲ್ಲಿಸಬೇಕು. ಸ್ವಂತ ನಿವೇಶನದಲ್ಲಿ ಸ್ವಂತ ವಾಸಕ್ಕಾಗಿ ಕಟ್ಟಿಸುವ ಮನೆಗೆ ರೇರಾ ನೋಂದಣಿ ಅನ್ವಯಿಸುವುದಿಲ್ಲವಾದುದರಿಂದ, ಇಂತಹವರಿಗೆ ಕರಾರುಪತ್ರವೇ ಮುಖ್ಯ ರಕ್ಷಣೆಯಾಗಿದೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಕರಾರಿಗೆ ಸಹಿ ಮಾಡುವ ಮೊದಲು ಗಣಕಯಂತ್ರದಲ್ಲಿ ತೋರಿಸಿದ ಪ್ರತಿಯೊಂದು ಕೆಲಸವೂ ಬರವಣಿಗೆಯಲ್ಲಿ ಇದೆಯೇ ಎಂಬುದನ್ನು ಮಾಲೀಕರು, ಎಂಜಿನಿಯರರು ಹಾಗೂ ಗುತ್ತಿಗೆದಾರರು ಒಟ್ಟಿಗೆ ಕುಳಿತು ತಾಳೆ ನೋಡುವುದು ಸೂಕ್ತ.