ಶೇಂದಿ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆ

ತಾಳೆಯ ಜಾತಿಗೆ ಸೇರಿದ ಮರಗಳ ಹೊಂಬಾಳೆಯಿಂದ ಇಳಿಸಿದ ರಸ ತಾನಾಗಿ ಹುಳಿಬಂದು ಆಗುವ ಪಾನೀಯ ಶೇಂದಿ. ಕಳ್ಳು ಎಂದೂ ಹೆಸರುಂಟು. ತುಳುವಿನಲ್ಲಿ ಕಲಿ, ಕೊಂಕಣಿಯಲ್ಲಿ ಸೂರ್. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಮನೆಮಟ್ಟದಲ್ಲಿ ತಯಾರಾಗುತ್ತಿದ್ದ ಹಳೆಯ ಮದ್ಯ ಇದೇ. ಪಾಶ್ಚಾತ್ಯ ದೇಶಗಳಲ್ಲಿ ಕಿಟ್ ತಂದು ಮನೆಯಲ್ಲೇ ಬಿಯರ್ ಮಾಡುವವರು ಪ್ರಯತ್ನಪಟ್ಟು ಹೊಂದಿಸಿಕೊಳ್ಳುವುದೆಲ್ಲ ಇಲ್ಲಿ ಮರದ ತುದಿಯಲ್ಲೇ ಸಿಗುತ್ತದೆ. ಶೇಂದಿಯಲ್ಲಿ ಹುದುಗು ಬರಿಸುವುದು ಕೆಲಸವೇ ಅಲ್ಲ. ಅದನ್ನು ತಡೆಯುವುದು ಕಷ್ಟ.

ನೇತ್ರಾವತಿಯ ದಡದಲ್ಲಿರುವ ಬಂಟ್ವಾಳದ ಕಡೆ ರಸಕ್ಕೆ ಮುಖ್ಯವಾಗಿ ತೆಂಗನ್ನೇ ಕಟ್ಟುತ್ತಾರೆ. ತಾಟಿ ಎಂದು ಕರೆಯುವ ತಾಳೆಮರವೂ ಬಳಕೆಯಲ್ಲಿದೆ. ಘಟ್ಟದ ಬುಡದ ಬೆಳ್ತಂಗಡಿಯ ಕಾಡು, ಗುಡ್ಡಗಳಲ್ಲಿ ಬೈನೆ ಮರ ಬೆಳೆಯುತ್ತದೆ. ಬೈನೆಯ ಸ್ವಭಾವ ವಿಚಿತ್ರ: ಹಲವು ವರ್ಷ ಸುಮ್ಮನೆ ಬೆಳೆದು, ಮೊದಲ ಹೊಂಬಾಳೆಯನ್ನು ತುದಿಯಲ್ಲಿ ಬಿಟ್ಟು, ಆಮೇಲೆ ಒಂದೊಂದಾಗಿ ಕೆಳಗಿಳಿಯುತ್ತ ಬಂದು, ಕೊನೆಗೆ ಒಣಗಿ ಸಾಯುತ್ತದೆ. ಹಳೆ ಮೈಸೂರಿನ ಬಯಲುಸೀಮೆಯಲ್ಲಿ ಹೆಂಡವೆಂದರೆ ಈಚಲು ಮರದ್ದು. ಕರಾವಳಿಯ ಶೇಂದಿಗೂ ಅದಕ್ಕೂ ರುಚಿಯಲ್ಲಿ ವ್ಯತ್ಯಾಸವಿದೆ.

ರಸ ಇಳಿಸುವ ಕಸುಬಿಗೆ ಮೂರ್ತೆ ಎಂದೂ, ಕಸುಬಿನವನಿಗೆ ಮೂರ್ತೆದಾರ ಎಂದೂ ಹೆಸರು. ಇದು ಬಹುಮಟ್ಟಿಗೆ ಬಿಲ್ಲವ ಸಮುದಾಯದ ವೃತ್ತಿಯಾಗಿತ್ತು. ಮೂರ್ತೆದಾರ ಇನ್ನೂ ಅರಳದ ಹೊಂಬಾಳೆಯನ್ನು ಆರಿಸಿ ಹಗ್ಗದಿಂದ ಬಿಗಿಯಾಗಿ ಸುತ್ತುತ್ತಾನೆ. ದಿನವೂ ಎಲುಬಿನಿಂದಲೋ ಗಟ್ಟಿಮರದ ತುಂಡಿನಿಂದಲೋ ಅದನ್ನು ಮೆಲ್ಲನೆ ತಟ್ಟುತ್ತಾನೆ. ಒಳಗಿನ ಎಳೆಗಳು ನಲುಗಬೇಕು, ಮೇಲಿನ ಸಿಪ್ಪೆ ಸೀಳಬಾರದು. ಕೈಯ ಹದ ಗೊತ್ತಾಗುವುದು ಇಲ್ಲೇ. ಆಮೇಲೆ ತುದಿಯನ್ನು ಹರಿತವಾದ ಕತ್ತಿಯಿಂದ ತೆಳ್ಳಗೆ ಸವರಿ, ಹೊಂಬಾಳೆಯನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬಾಗಿಸಿ, ಬಾಯಿಗೆ ಮಡಕೆ ಕಟ್ಟುತ್ತಾನೆ. ರಸ ತೊಟ್ಟಿಕ್ಕಲು ಒಂದೆರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ಹರಿಯತೊಡಗಿದ ಮೇಲೆ ಬೆಳಿಗ್ಗೆ ಸಂಜೆ ಎರಡು ಹೊತ್ತು ಮರ ಹತ್ತಿ ತುದಿ ಸವರಲೇಬೇಕು. ಬಿಟ್ಟರೆ ಗಾಯ ಒಣಗಿ ಹರಿವು ನಿಲ್ಲುತ್ತದೆ. ದಿನವೂ ಹತ್ತುವ ಮರಕ್ಕೆ ತೆಂಗಿನ ಸಿಪ್ಪೆಯನ್ನೇ ಮೆಟ್ಟಿಲಾಗಿ ಕಟ್ಟುವುದುಂಟು. ರಸ ಇಳಿಸಿಕೊಳ್ಳಲು ಹಿಂದೆ ಸೋರೆಬುರುಡೆ ಬಳಸುತ್ತಿದ್ದರು. ಮಳೆಗಾಲದಲ್ಲಿ ಕಾಂಡ ಜಾರುವುದರಿಂದ ಕೆಲಸ ಅಪಾಯದ್ದು.

ಆಗಷ್ಟೇ ಇಳಿದ ತೆಂಗಿನ ರಸದಲ್ಲಿ ಶೇಕಡಾ 12ರಿಂದ 15ರಷ್ಟು ಸಕ್ಕರೆ ಇರುತ್ತದೆ. ಹುಳಿ ಸ್ವಲ್ಪವೂ ಇರುವುದಿಲ್ಲ. ಆದರೆ ಮಡಕೆಯ ಒಳಗೋಡೆಯಲ್ಲಿ, ಗಾಳಿಯಲ್ಲಿ, ಹೊಂಬಾಳೆಯ ತುದಿಯಲ್ಲಿ ಇರುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ರಸ ಬಿದ್ದ ಕ್ಷಣದಿಂದಲೇ ಕೆಲಸಕ್ಕೆ ತೊಡಗುತ್ತವೆ. ಮುಖ್ಯ ಯೀಸ್ಟ್ ಸ್ಯಾಕರೋಮೈಸಿಸ್ ಸೆರೆವಿಸಿಯೆ, ಅಂದರೆ ಬಿಯರಿಗೂ ಬ್ರೆಡ್ಡಿಗೂ ಬಳಸುವುದೇ. ಜೊತೆಗೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳೂ ಝೈಮೊಮೊನಾಸ್ ಎಂಬ, ತಾನೂ ಮದ್ಯಸಾರ ತಯಾರಿಸುವ ಬ್ಯಾಕ್ಟೀರಿಯಾವೂ ಇರುತ್ತವೆ. ಕೆಲವೇ ಗಂಟೆಗಳಲ್ಲಿ ನೊರೆಯೇರುತ್ತದೆ. ಒಂದು ದಿನದೊಳಗೆ ಮದ್ಯಸಾರ ಸುಮಾರು ಶೇಕಡಾ 4ರಿಂದ 6ಕ್ಕೆ ಮುಟ್ಟುತ್ತದೆ. ಅಲ್ಲಿಂದ ಮುಂದೆ ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾಗಳ ಕೈ ಮೇಲಾಗಿ ಶೇಂದಿ ವಿನೆಗರ್ ಆಗುತ್ತದೆ. ಬೆಳಿಗ್ಗೆ ಸಿಹಿ, ಸಂಜೆ ಖಾರ, ಮರುದಿನ ಹುಳಿ ಎನ್ನುವಷ್ಟು ಬೇಗ ಬದಲಾಗುವ ಈ ಪಾನೀಯವನ್ನು ದೂರ ಸಾಗಿಸುವುದು ಕಷ್ಟ. ಆದ್ದರಿಂದಲೇ ಅದು ಊರಿನ ಗಡಂಗಿನ ವ್ಯಾಪಾರವಾಗಿ ಉಳಿಯಿತು.

ಬಿಯರ್ ಕಿಟ್‌ನಲ್ಲಿ ನಡೆಯುವುದು ಇದೇ ರಸಾಯನ, ಆದರೆ ತಿರುಗುಮುರುಗು. ಸುಮಾರು 1.7 ಕಿಲೋ ತೂಗುವ ಡಬ್ಬಿಯಲ್ಲಿ ಹಾಪ್ ಹೂವಿನ ಕಹಿ ಬೆರೆತ ಮಾಲ್ಟ್ ಪಾಕ, ಜೊತೆಗೆ ಒಣ ಯೀಸ್ಟಿನ ಪುಟ್ಟ ಪೊಟ್ಟಣ ಬರುತ್ತದೆ. ಪಾಕಕ್ಕೆ ಸಕ್ಕರೆಯನ್ನೂ ನೀರನ್ನೂ ಸೇರಿಸಿ 20–23 ಲೀಟರ್ ಮಾಡಿ, ಯೀಸ್ಟ್ ಹಾಕಿ, ಒಂದು ವಾರ ಮುಚ್ಚಿಟ್ಟು, ಬಾಟಲಿಗೆ ತುಂಬುವಾಗ ಚಿಟಿಕೆ ಸಕ್ಕರೆ ಸೇರಿಸಿದರೆ ಮುಂದಿನ ಎರಡು ವಾರಗಳಲ್ಲಿ ಗುಳ್ಳೆ ಕಟ್ಟುತ್ತದೆ. ಪಾತ್ರೆಗಳು ಕ್ರಿಮಿರಹಿತವಾಗಿರಬೇಕು, ಉಷ್ಣತೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಇರಬೇಕು. ಸದಾ 30 ಡಿಗ್ರಿಯ ಆಸುಪಾಸಿನಲ್ಲಿರುವ ಕರಾವಳಿಯ ಮನೆಯಲ್ಲಿ ಏಲ್ ಬಗೆಯ ಯೀಸ್ಟ್ ಅತಿವೇಗವಾಗಿ ದುಡಿದು, ಕಟು ಮದ್ಯಸಾರಗಳನ್ನು ಬಿಡುತ್ತದೆ. ಬ್ರಿಟನ್ನಿನಲ್ಲಿ 1963ರಿಂದ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರ ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಯಾವ ಮದ್ಯವನ್ನೂ ತಯಾರಿಸುವಂತಿಲ್ಲ. ಶೇಂದಿ ಇಳಿಸುವುದಕ್ಕೂ ಇದೇ ಕಟ್ಟುಪಾಡು.

ಕುಡಿಯುವುದಷ್ಟೇ ಶೇಂದಿಯ ಉಪಯೋಗವಲ್ಲ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಸನ್ನ ಎಂಬ ಅಕ್ಕಿಯ ತಿಂಡಿಯ ಹಿಟ್ಟು ಉಬ್ಬುತ್ತಿದ್ದದ್ದು ಶೇಂದಿಯಿಂದಲೇ. ಹಬ್ಬದ ಹಂದಿಮಾಂಸದ ಅಡುಗೆಗೆ ಶೇಂದಿಯ ವಿನೆಗರ್ ಬೀಳುತ್ತಿತ್ತು. ಮಡಕೆಯ ಒಳಗೆ ಸುಣ್ಣ ಬಳಿದರೆ ಹುದುಗು ನಿಲ್ಲುತ್ತದೆ. ಆ ಸಿಹಿರಸವನ್ನು ಕಾಯಿಸಿ ಬೆಲ್ಲ ಮಾಡುತ್ತಾರೆ. ಗರಿಯಲ್ಲಿ ಕಟ್ಟಿ ಮಾರುವ ಓಲೆಬೆಲ್ಲ ಈ ಬಗೆಯದು. ಕೆಲವು ದೈವಗಳಿಗೆ ಕಲಿ ಇಡುವ ಕಟ್ಟಳೆಯೂ ಇದೆ. ಬೇಸಿಗೆಯಲ್ಲಿ ಗೇರುಹಣ್ಣು ಕೊಳೆಸಿ, ಹುಳಿರಸ ಮಾಡಿ, ಕಳ್ಳಬಟ್ಟಿ ಇಳಿಸುವುದು ಬೇರೆಯೇ ವಿಷಯ. ಅದು ಬಟ್ಟಿ ಇಳಿಸಿದ್ದು, ಶೇಂದಿಗಿಂತ ಹಲವು ಪಟ್ಟು ತೀಕ್ಷ್ಣ, ಅಪಾಯಕಾರಿಯೂ ಹೌದು. ಇದೇ ಹಣ್ಣಿನ ಫೆನಿಗೆ ಗೋವಾ 2009ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಇಲ್ಲಿ ಅದು ಅಬಕಾರಿ ದಾಳಿಯ ಸುದ್ದಿಯಾಗಿಯೇ ಉಳಿದಿದೆ.

ಜಿಲ್ಲೆ ಮದರಾಸು ಆಡಳಿತದಲ್ಲಿದ್ದಾಗ 1886ರ ಅಬಕಾರಿ ಕಾಯ್ದೆಯ ಹಿಡಿತವಿತ್ತು. 1948ರಲ್ಲಿ ಮದರಾಸು ಪ್ರಾಂತ್ಯದುದ್ದಕ್ಕೂ ಪಾನನಿಷೇಧ ಜಾರಿಯಾದಾಗ ಮೂರ್ತೆಯೂ ಅಪರಾಧವಾಯಿತು. ಅದಕ್ಕೂ ಮುಂಚೆಯೇ ಬಿಲ್ಲವ ಸಮುದಾಯದ ಒಳಗೇ ವಿರೋಧ ಎದ್ದಿತ್ತು. 1912ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು ಮದ್ಯವನ್ನು ತಯಾರಿಸುವುದೂ ಕೊಡುವುದೂ ಕುಡಿಯುವುದೂ ಸಲ್ಲದೆಂದು ಬೋಧಿಸಿದರು. ಕಸುಬಿನಿಂದ ಬದುಕುವವರಿಗೆ ಇದು ಸುಲಭದ ಮಾತಾಗಿರಲಿಲ್ಲ. ಧರ್ಮಸ್ಥಳವಿರುವ ಬೆಳ್ತಂಗಡಿ ತಾಲ್ಲೂಕು ಇಂದು ಮದ್ಯವರ್ಜನ ಶಿಬಿರಗಳಿಗೂ ಹೆಸರಾಗಿದೆ. ಆದರೆ ಮೂರ್ತೆ ಕುಗ್ಗಿದ್ದು ಉಪದೇಶದಿಂದಲೋ ಕಾನೂನಿನಿಂದಲೋ ಮಾತ್ರವಲ್ಲ. ಭೂಸುಧಾರಣೆಯ ನಂತರ ಕೈಗೆ ಬಂದ ಜಮೀನು, ಶಾಲೆ, ಮುಂಬಯಿ ಮತ್ತು ಗಲ್ಫ್‌ನ ನೌಕರಿ ಎಲ್ಲ ಸೇರಿ ಮುಂದಿನ ಪೀಳಿಗೆಯನ್ನು ಮರದಿಂದ ಇಳಿಸಿದವು. ಮೂರ್ತೆದಾರರ ಸೇವಾ ಸಹಕಾರಿ ಸಂಘಗಳು ಹಲವೆಡೆ ಈಗ ಠೇವಣಿ, ಸಾಲದ ವ್ಯವಹಾರದಿಂದಲೇ ನಡೆಯುತ್ತಿವೆ.

ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಕರಾವಳಿಯಲ್ಲಿ ಶೇಂದಿಗೆ ಪರವಾನಗಿಯ ದಾರಿ ಉಳಿದುಕೊಂಡಿತು. ಹುದುಗು ತಡೆಯುವ ಹಳೆಯ ತೊಡಕಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೊಸ ಉಪಾಯ ಕಂಡುಕೊಂಡಿದೆ. ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಹೊಂಬಾಳೆಗೇ ಕಟ್ಟಿ, ಸುಣ್ಣದ ಹಂಗಿಲ್ಲದೆ ಸಿಹಿರಸ ಇಳಿಸುವ ಈ ವಿಧಾನದ ಉತ್ಪನ್ನಕ್ಕೆ ಕಲ್ಪರಸ ಎಂದು ಹೆಸರಿಟ್ಟಿದೆ. ಸನ್ನ ಮಾಡುವವರು ಈಗ ಶೇಂದಿ ಸಿಗದಿದ್ದರೆ ಅಂಗಡಿಯ ಒಣ ಯೀಸ್ಟ್ ಹಾಕುತ್ತಾರೆ. ಹಿಟ್ಟು ಉಬ್ಬುತ್ತದೆ, ಶೇಂದಿಯ ಪರಿಮಳ ಬರುವುದಿಲ್ಲ.