ಸೊಲ್ಲಾಪುರದಲ್ಲಿ ಹುಟ್ಟಿದ ಕ್ಯಾಪ್ಟನ್

ಉಪ್ಪನ ಅಂಗಡಿಗೆ ಚಾದರ ನೋಡಲು ಸೊಲ್ಲಾಪುರಕ್ಕೆ ಹೋದವನು ಅಲ್ಲಿಂದ ಅಕ್ಕಲಕೋಟೆಯ ಬಸ್ ಹತ್ತಿದ್ದೆ. ಹಿಂದಿನ ಸೀಟಿನಲ್ಲಿ ಕನ್ನಡದಲ್ಲೇ ಜಗಳ. “ಲಗೂನ ಡಿಕ್ಲೇರ್ ಮಾಡಬೇಕಿತ್ತ” ಅಂತ ಒಬ್ಬ. “ಮೊದಲ ಸೋಲೂದು ತಪ್ಪಲಿ” ಅಂತ ಇನ್ನೊಬ್ಬ. ಇದೇ ಪ್ರಶ್ನೆ ಎದುರಿಸಿದ ಭಾರತದ ಕ್ಯಾಪ್ಟನ್ ಒಬ್ಬರು 1926ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲೇ. ಅವರೇ ಪಾಲಿ ಉಮ್ರಿಗರ್, ಬಟ್ಟೆ ವ್ಯಾಪಾರದ ಪಾರ್ಸಿ ಮನೆಯವರು.

ಧೈರ್ಯದ ನಾಯಕ ಎಂದರೆ ನಮ್ಮ ಮನೆಗಳಲ್ಲಿ ನೆನಪಾಗುವುದು ಪಟೌಡಿ. ಉಮ್ರಿಗರ್ ಹೆಸರು ಯಾರೂ ಹೇಳುವುದಿಲ್ಲ. ಎಂಟು ಟೆಸ್ಟ್‌ಗಳಲ್ಲಿ ಎರಡು ಗೆಲುವು, ಎರಡು ಸೋಲು, ನಾಲ್ಕು ಡ್ರಾ. ನೋಡಿದವರು ‘ಎಚ್ಚರಿಕೆಯ ನಾಯಕ’ ಎಂದು ಬರೆದು ಮುಗಿಸುತ್ತಾರೆ. ಆದರೆ ಒಂದೊಂದೇ ಪಂದ್ಯ ಬಿಡಿಸಿ ನೋಡಿ.

1955ರ ಕೊನೆಗೆ ಕಲ್ಕತ್ತಾದಲ್ಲಿ ನ್ಯೂಜಿಲೆಂಡ್ ವಿರುದ್ಧ ಭಾರತ 132ಕ್ಕೆ ಆಲೌಟ್. ನ್ಯೂಜಿಲೆಂಡ್ 336. ಭಾರತ ಎರಡನೇ ಸಲ 7 ವಿಕೆಟಿಗೆ 438 ಹೊಡೆದು ಡಿಕ್ಲೇರ್ ಮಾಡಿತು. ಆಟ ಮುಗಿದಾಗ ನ್ಯೂಜಿಲೆಂಡ್ 6 ವಿಕೆಟಿಗೆ 75. ಇನ್ನು ನಾಲ್ಕೇ ವಿಕೆಟ್! ಸ್ವಲ್ಪ ಮೊದಲೇ ಬಿಟ್ಟುಕೊಟ್ಟಿದ್ದರೆ ಗೆಲ್ಲುತ್ತಿತ್ತೇನೋ. ಆದರೆ 204 ರನ್ ಹಿಂದೆ ಬಿದ್ದಿದ್ದ ತಂಡ ಮೊದಲು ಕಾಲೂರಬೇಕಿತ್ತು ಎಂಬುದೂ ಸುಳ್ಳಲ್ಲ.

ಮುಂದಿನ ಟೆಸ್ಟ್ ಮದರಾಸಿನಲ್ಲಿ. ಮಂಕಡ್ ಮತ್ತು ಪಂಕಜ್ ರಾಯ್ ಮೊದಲ ವಿಕೆಟಿಗೆ 413 ಸೇರಿಸಿದರು. 3 ವಿಕೆಟಿಗೆ 537 ಆದಾಗ ಉಮ್ರಿಗರ್ ಡಿಕ್ಲೇರ್ ಮಾಡಿದರು. ಭಾರತ ಇನಿಂಗ್ಸ್ ಮತ್ತು 109 ರನ್‌ಗಳಿಂದ ಗೆದ್ದಿತು. ಮನುಷ್ಯ ಅದೇ, ಕೈಯಲ್ಲಿದ್ದ ಬಂಡವಾಳ ಬೇರೆ.

ನಿಜವಾದ ಪರೀಕ್ಷೆ ಬಂದದ್ದು 1959ರ ಜನವರಿಯಲ್ಲಿ, ಮತ್ತೆ ಮದರಾಸಿನಲ್ಲಿ, ವೆಸ್ಟ್ ಇಂಡೀಸ್ ಎದುರು. ಗಾಯಗೊಂಡ ಮಂಜ್ರೇಕರ್ ಬದಲಿಗೆ ಉಮ್ರಿಗರ್‌ಗೆ ಒಬ್ಬ ಬ್ಯಾಟ್ಸ್‌ಮನ್ ಬೇಕಿತ್ತು. ಮಂಡಳಿಯ ಅಧ್ಯಕ್ಷರು ಆಫ್ ಸ್ಪಿನ್ನರ್ ಜಸು ಪಟೇಲ್ ಆಡಲಿ ಎಂದು ಹಟ ಹಿಡಿದರು. ಪಂದ್ಯದ ಹಿಂದಿನ ರಾತ್ರಿ ಉಮ್ರಿಗರ್ ನಾಯಕತ್ವ ಬಿಟ್ಟರು, ಆಟ ಬಿಡಲಿಲ್ಲ. ಆ ಒಂದೇ ಸರಣಿಯಲ್ಲಿ ಭಾರತಕ್ಕೆ ನಾಲ್ವರು ನಾಯಕರಾದರು: ಉಮ್ರಿಗರ್, ಗುಲಾಂ ಅಹ್ಮದ್, ಮಂಕಡ್, ಅಧಿಕಾರಿ.

ಅದೇ ವರ್ಷ ಡಿಸೆಂಬರ್‌ನಲ್ಲಿ ಕಾನ್ಪುರದಲ್ಲಿ ಜಸು ಪಟೇಲ್ 14 ವಿಕೆಟ್ ತೆಗೆದರು, ಭಾರತ ಮೊದಲ ಬಾರಿ ಆಸ್ಟ್ರೇಲಿಯಾವನ್ನು ಸೋಲಿಸಿತು. ಹಾಗಾದರೆ ಅಧ್ಯಕ್ಷರೇ ಸರಿಯಿದ್ದರೇ? ಆ ಪಿಚ್ಚಿಗೆ ಪಟೇಲ್ ಸರಿ. ಎರಡನೇ ಇನಿಂಗ್ಸ್‌ನಲ್ಲಿ 27 ರನ್‌ಗೆ 4 ವಿಕೆಟ್ ಕಿತ್ತು ಅವರಿಗೆ ಜೊತೆ ನಿಂತವರು ಉಮ್ರಿಗರ್ ಎಂಬುದನ್ನೂ ಮರೆಯಬಾರದು.

ಎಚ್ಚರಿಕೆಯೋ ಆಕ್ರಮಣವೋ, ಅದನ್ನು ತೀರ್ಮಾನಿಸಬೇಕಾದವರು ಸೋತರೆ ಬೈಗುಳ ತಿನ್ನುವವರು. ಉಪ್ಪ ಊರಿಗೆ ಹೋದಾಗ ಗಲ್ಲಾದಲ್ಲಿ ನಾನು ಕೂರುತ್ತಿದ್ದೆ. ಯಾರಿಗೆ ಸಾಲ ಕೊಡಬೇಕು, ಯಾರಿಗೆ ಬೇಡ ಎಂದು ಅವರು ಹೇಳಿಹೋಗುತ್ತಿರಲಿಲ್ಲ. ಬಂದ ಮೇಲೆ ಲೆಕ್ಕ ಮಾತ್ರ ನನ್ನಲ್ಲೇ ಕೇಳುತ್ತಿದ್ದರು.